ಉತ್ತರ ಬಾರದ ತಂತಿ

ಕನ್ನಡ ಪತ್ರಿಕೆಯ ವಿದೇಶ ಪುಟದಲ್ಲಿ ಊರಿನ ಹೆಸರಿನ ಪಕ್ಕಕ್ಕೋ ಸುದ್ದಿಯ ಬಾಲಕ್ಕೋ ಎರಡು ಮೂರು ಅಕ್ಷರ ಅಂಟಿಕೊಂಡಿರುತ್ತವೆ. ಎಪಿ, ಪಿಟಿಐ, ಎಎಫ್‌ಪಿ, ರಾಯಿಟರ್ಸ್. ಓದುವವರ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತದೆ. ಬಸ್ ಟಿಕೆಟಿನ ಹಿಂದೆ ಏನು ಅಚ್ಚಾಗಿದೆಯೆಂದು ಯಾರೂ ತಿರುಗಿಸಿ ನೋಡುವುದಿಲ್ಲ, ಇದೂ ಹಾಗೆ. ಆದರೆ ಯಾವ ಊರಿನ ಪತ್ರಿಕೆಗೆ ಇವುಗಳಲ್ಲಿ ಯಾವ ಅಕ್ಷರ ಸಿಗಬೇಕೆಂಬುದು ಒಂದು ಕಾಲದಲ್ಲಿ ಆ ಊರಿನ ಸಂಪಾದಕನ ಕೈಯಲ್ಲಿರಲಿಲ್ಲ. ಅದನ್ನು ಲಂಡನ್, ಪ್ಯಾರಿಸ್, ಬರ್ಲಿನ್‌ಗಳ ಮೂರು ಕಚೇರಿಗಳು ಮೊದಲೇ ಹಂಚಿಕೊಂಡಿದ್ದವು.

1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಬ್ಯೂನಸ್ ಐರಿಸ್‌ನ 'ಲಾ ನಾಸಿಯೋನ್' ಪತ್ರಿಕೆ ಈ ಹಂಚಿಕೆಯ ಬಿಸಿ ಅನುಭವಿಸಿತು. ಅದಕ್ಕೆ ಸುದ್ದಿ ಕೊಡುತ್ತಿದ್ದದ್ದು ಫ್ರಾನ್ಸಿನ ಹವಾಸ್ ಸಂಸ್ಥೆ. ಶತ್ರು ಜರ್ಮನಿಯ ಯುದ್ಧ ಪ್ರಕಟಣೆಗಳನ್ನು ಹವಾಸ್ ಕಳಿಸಲೊಲ್ಲದು. ಅರ್ಜೆಂಟೀನಾ ಆಗ ತಟಸ್ಥ ದೇಶ, ಅಲ್ಲಿನ ಓದುಗರಿಗೆ ಎರಡೂ ಕಡೆಯ ಮಾತು ಬೇಕಿತ್ತು. ಪತ್ರಿಕೆ ನ್ಯೂಯಾರ್ಕಿನ ಅಸೋಸಿಯೇಟೆಡ್ ಪ್ರೆಸ್‌ಗೆ, ಅಂದರೆ ಎಪಿಗೆ, ತಂತಿ ಹೊಡೆದು ನಮಗೆ ಸುದ್ದಿ ಕೊಡುವಿರಾ ಎಂದು ಕೇಳಿತು. ಉತ್ತರ ಹೋಗಲಿಲ್ಲ. ತಂತಿ ಕಡತ ಸೇರಿತು.

ಆ ಕಡತ ಬಿಚ್ಚಿ ನೋಡಿದವನು ಕೆಂಟ್ ಕೂಪರ್. ಆಗ ಅವನು ಎಪಿಯ ಸಂಪಾದಕನೂ ಅಲ್ಲ, ವರದಿಗಾರನೂ ಅಲ್ಲ. ಯಾವ ಪತ್ರಿಕೆಗೆ ಯಾವ ದಾರಿಯಲ್ಲಿ ತಂತಿ ಎಳೆದರೆ ಎಷ್ಟು ಖರ್ಚು ಎಂದು ಲೆಕ್ಕ ಹಾಕುವ 'ಟ್ರಾಫಿಕ್' ವಿಭಾಗದ ಮುಖ್ಯಸ್ಥ. ಯಾಕೆ ಉತ್ತರ ಹೋಗಲಿಲ್ಲ ಎಂದು ಕೇಳಿದಾಗ ಅವನಿಗೆ ತಿಳಿದದ್ದು ಇಷ್ಟು: ದಕ್ಷಿಣ ಅಮೆರಿಕ ಹವಾಸ್‌ನ ಪಾಲು, ಅಲ್ಲಿಗೆ ಎಪಿ ಸುದ್ದಿ ಮಾರುವಂತಿಲ್ಲ. ಮಾರುವಂತಿಲ್ಲ ಎಂದು ಬಾಯಿಬಿಟ್ಟು ಹೇಳುವುದೂ ಮುಜುಗರ. ಅದಕ್ಕೇ ಮೌನ.

ಕೂಪರನ ಮುಂದಿನ ಇಪ್ಪತ್ತು ವರ್ಷ ಬಹುಮಟ್ಟಿಗೆ ಆ ತಂತಿಗೆ ಉತ್ತರ ಬರೆಯುವುದರಲ್ಲೇ ಕಳೆಯಿತು.

*

ಈ ಪಾಲುಪಟ್ಟಿಯ ಕಥೆ ಹಳೆಯದು. ಚಾರ್ಲ್ಸ್ ಹವಾಸ್ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದದ್ದು 1835ರಲ್ಲಿ. ಅವನ ಕೈಕೆಳಗೆ ಕೆಲಸ ಕಲಿತ ಇಬ್ಬರಲ್ಲಿ ಬರ್ನ್‌ಹಾರ್ಡ್ ವೋಲ್ಫ್ ಬರ್ಲಿನ್‌ನಲ್ಲಿ, ಪಾಲ್ ಜೂಲಿಯಸ್ ರಾಯಿಟರ್ ಲಂಡನ್‌ನಲ್ಲಿ ತಮ್ಮದೇ ಅಂಗಡಿ ಇಟ್ಟರು. ಮೂರೂ ಸಂಸ್ಥೆಗಳು ಒಂದರ ಕಾಲು ಇನ್ನೊಂದು ತುಳಿಯುತ್ತಾ ದುಡ್ಡು ಕಳೆಯುವುದಕ್ಕಿಂತ ಬೇಲಿ ಹಾಕಿಕೊಳ್ಳುವುದೇ ಲೇಸೆಂದು 1870ರಲ್ಲಿ ಒಪ್ಪಂದ ಬರೆದುಕೊಂಡವು. ಬ್ರಿಟಿಷ್ ಸಾಮ್ರಾಜ್ಯ ಮತ್ತು ದೂರದ ಪೂರ್ವ ರಾಯಿಟರ್ಸ್‌ಗೆ. ಫ್ರೆಂಚ್ ವಸಾಹತುಗಳು, ಇಟಲಿ, ಸ್ಪೇನ್ ಹವಾಸ್‌ಗೆ, ಮುಂದೆ ದಕ್ಷಿಣ ಅಮೆರಿಕವೂ ಅದಕ್ಕೇ. ಜರ್ಮನಿ, ಸ್ಕ್ಯಾಂಡಿನೇವಿಯಾ, ರಷ್ಯಾದ ಕಡೆ ವೋಲ್ಫ್‌ಗೆ. ಅಣ್ಣತಮ್ಮಂದಿರು ಗದ್ದೆ ಹಿಸ್ಸೆ ಮಾಡಿಕೊಂಡಂತೆ. ವ್ಯತ್ಯಾಸವೆಂದರೆ ಈ ಗದ್ದೆಯಲ್ಲಿ ಬದುಕುವವರನ್ನು ಯಾರೂ ಕೇಳಿರಲಿಲ್ಲ. ಭಾರತ ರಾಯಿಟರ್ಸ್ ಪಾಲಿಗೆ ಬಿತ್ತು. 1866ರಲ್ಲೇ ಅದರ ಕಚೇರಿ ಮುಂಬಯಿಯಲ್ಲಿತ್ತು.

ಎಪಿ ಈ ಮನೆಗೆ 1893ರಲ್ಲಿ ಒಪ್ಪಂದ ಮಾಡಿಕೊಂಡು ಬಂದ ಸಣ್ಣ ಪಾಲುದಾರ. 1846ರಲ್ಲಿ ನ್ಯೂಯಾರ್ಕಿನ ಕೆಲವು ಪತ್ರಿಕೆಗಳು ಮೆಕ್ಸಿಕೋ ಯುದ್ಧದ ಸುದ್ದಿ ತರಿಸುವ ಖರ್ಚು ಹಂಚಿಕೊಳ್ಳಲು ಕಟ್ಟಿಕೊಂಡ ಕೂಟದಿಂದ ಬೆಳೆದ ಸಂಸ್ಥೆ ಅದು. ಲಾಭಕ್ಕಲ್ಲ, ಸದಸ್ಯ ಪತ್ರಿಕೆಗಳ ಸಹಕಾರಿ ಸಂಘ. ನಮ್ಮ ಹಾಲು ಸಂಘದಂತೆಯೇ, ಹಾಲಿನ ಬದಲು ಸುದ್ದಿ ಹಾಕುವುದು, ಎಲ್ಲರ ಸುದ್ದಿಯನ್ನೂ ಎಲ್ಲರೂ ಪಡೆಯುವುದು. ಅಮೆರಿಕದೊಳಗೆ ಅದರದೇ ಯಜಮಾನಿಕೆ. ಹೊರಗಿನ ಜಗತ್ತಿನ ಸುದ್ದಿಯನ್ನು ಯುರೋಪಿನ ಮೂವರಿಂದ ಪಡೆಯಬೇಕು, ತನ್ನ ಸುದ್ದಿಯನ್ನು ಅವರಿಗೆ ಕೊಡಬೇಕು, ಮೇಲೆ ಒಂದಿಷ್ಟು ಹಣವನ್ನೂ ಕಟ್ಟಬೇಕು.

*

ಕೂಪರ್ ಹುಟ್ಟಿದ್ದು 1880ರಲ್ಲಿ, ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಪುಟ್ಟ ಊರಲ್ಲಿ. ತಂದೆ ಜಾರ್ಜ್ ಕೂಪರ್ ವಕೀಲ, ಅಮೆರಿಕದ ಸಂಸತ್ತಿನ ಸದಸ್ಯನೂ ಆಗಿದ್ದವನು. ಹುಡುಗ ಚಿಕ್ಕಂದಿನಲ್ಲೇ ಮನೆಮನೆಗೆ ಪೇಪರ್ ಹಾಕಿದ, ಊರಿನ ಪತ್ರಿಕೆಗೆ ಚೂರುಪಾರು ಬರೆದ, ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದ. 1899ರಲ್ಲಿ ತಂದೆ ತೀರಿಕೊಂಡರು. ಓದು ಅಲ್ಲಿಗೇ ನಿಂತಿತು. ಇಂಡಿಯಾನಾಪೊಲಿಸ್‌ನಲ್ಲಿ ವರದಿಗಾರನಾದ, ಮುಂದೆ ಸ್ಕ್ರಿಪ್ಸ್ ಬಳಗದ ಸುದ್ದಿಸಂಸ್ಥೆಯ ಅಲ್ಲಿನ ಶಾಖೆ ನೋಡಿಕೊಂಡ.

ಅವನ ಬುದ್ಧಿಯ ಕೀಲಿಕೈ ಇಲ್ಲೇ ಇದೆ. ಆಗ ಸುದ್ದಿ ಬರುತ್ತಿದ್ದದ್ದು ಮೋರ್ಸ್ ತಂತಿಯಲ್ಲಿ. ಕಟ್ಟುಕಡೆಯಲ್ಲಿ ಕಟಕಟ ಸದ್ದು ಕೇಳಿ ಅಕ್ಷರ ಬರೆದುಕೊಳ್ಳುವ ಆಪರೇಟರ್ ಬೇಕು, ಅವನಿಗೆ ಸಂಬಳ ಕೊಡಬೇಕು, ತಂತಿಗೆ ಪದಕ್ಕಿಷ್ಟು ದರ ಕಟ್ಟಬೇಕು. ದೊಡ್ಡೂರಿನ ಪತ್ರಿಕೆ ತಾಳಿಕೊಂಡೀತು. ಎರಡು ಸಾವಿರ ಪ್ರತಿ ಮಾರುವ ಸಣ್ಣೂರಿನ ಸಂಜೆ ಪತ್ರಿಕೆ ಏನು ಮಾಡಬೇಕು? ಕೂಪರ್ ಟೆಲಿಫೋನ್ ಹಿಡಿದ. ಇಂಡಿಯಾನಾಪೊಲಿಸ್‌ನಲ್ಲಿ ಒಬ್ಬ ಕೂತು ಸುದ್ದಿ ಓದುತ್ತಾನೆ, ಒಂದೇ ಲೈನಿಗೆ ಸಿಕ್ಕಿಸಿದ ಹಲವು ಊರುಗಳ ಪತ್ರಿಕೆಗಳು ಏಕಕಾಲಕ್ಕೆ ಬರೆದುಕೊಳ್ಳುತ್ತವೆ. ಆಪರೇಟರ್ ಬೇಡ, ಪದದ ಲೆಕ್ಕ ಬೇಡ, ನಿಮಿಷದ ಲೆಕ್ಕ ಸಾಕು.

ತಾಲ್ಲೂಕಿನ ವರದಿಗಾರ ಕೊನೆಯ ಬಸ್ಸಿನ ಕಂಡಕ್ಟರ್ ಕೈಗೆ ಸುದ್ದಿಯ ಲಕೋಟೆ ಕೊಟ್ಟು, ಅವಸರವಿದ್ದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಿರುಚಿ ಕಿರುಚಿ ಸುದ್ದಿ ಹೇಳುತ್ತಿದ್ದ ದಿನಗಳನ್ನು ಕಂಡವರಿಗೆ ಈ ಉಪಾಯದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸುದ್ದಿ ಬರೆಯುವುದು ಒಂದು ವಿದ್ಯೆ, ಅದನ್ನು ಮುಟ್ಟಿಸುವುದು ಇನ್ನೊಂದು. ಪತ್ರಿಕೋದ್ಯಮದ ಇತಿಹಾಸ ಬರೆಯುವವರು ಮೊದಲನೆಯದನ್ನು ಹಾಡಿಹೊಗಳಿ ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಕೂಪರ್ ಅಡಿಟಿಪ್ಪಣಿಯಿಂದಲೇ ಎದ್ದುಬಂದ ಮನುಷ್ಯ.

ಈ ಟೆಲಿಫೋನ್ ಉಪಾಯವನ್ನೇ ಬಗಲಲ್ಲಿಟ್ಟುಕೊಂಡು 1910ರಲ್ಲಿ ಅವನು ಎಪಿಗೆ ಬಂದ. ಅಲ್ಲಿ ಆಗ ಜನರಲ್ ಮ್ಯಾನೇಜರ್ ಮೆಲ್ವಿಲ್ ಸ್ಟೋನ್, 1893ರ ಒಪ್ಪಂದದ ಕಾಲದಿಂದಲೂ ಆ ಕುರ್ಚಿಯಲ್ಲಿದ್ದ ಹಿರಿಯ. ಕೂಪರ್ ಊರೂರು ಸುತ್ತಿ ತಂತಿ ಮಾರ್ಗಗಳನ್ನು ಕಂಡ, ಎಲ್ಲಿ ಸುತ್ತುಬಳಸು, ಎಲ್ಲಿ ಹಣ ಸೋರುತ್ತಿದೆ ಎಂದು ಗುರುತುಹಾಕಿದ. 1914ರಲ್ಲಿ ಎಪಿಗೆ ಟೆಲಿಪ್ರಿಂಟರ್ ಬಂತು. ಆ ಯಂತ್ರದ ಹೆಸರು 'ಮೋರ್ಕ್ರಮ್'. ಹಣ ಹಾಕಿದ ಜಾಯ್ ಮಾರ್ಟನ್, ಯಂತ್ರ ಕಟ್ಟಿದ ಚಾರ್ಲ್ಸ್ ಕ್ರಮ್, ಇಬ್ಬರ ಹೆಸರೂ ಸೇರಿ ಆದದ್ದು. ಮಾರ್ಟನ್ ಅಮೆರಿಕದ ದೊಡ್ಡ ಉಪ್ಪಿನ ವ್ಯಾಪಾರಿ. ಉಪ್ಪು ಮಾರಿದ ದುಡ್ಡಿನಲ್ಲಿ ಹುಟ್ಟಿದ ಯಂತ್ರ ಮುಂದಿನ ಎಪ್ಪತ್ತು ವರ್ಷ ಜಗತ್ತಿನ ಪತ್ರಿಕಾ ಕಚೇರಿಗಳಲ್ಲಿ ಕಾಗದದ ಸುರುಳಿ ಉಗುಳುತ್ತಾ ಗದ್ದಲ ಎಬ್ಬಿಸಿತು. ಬೆಂಗಳೂರು, ಹುಬ್ಬಳ್ಳಿಯ ಡೆಸ್ಕುಗಳಲ್ಲಿ ರಾತ್ರಿಪಾಳಿಯ ಉಪಸಂಪಾದಕ ಪರ್‍ರೆಂದು ಹರಿದುಕೊಂಡು ಬಂದು ಕನ್ನಡಕ್ಕೆ ಇಳಿಸುತ್ತಿದ್ದ ಸುರುಳಿಗೂ ಈ ಉಪ್ಪಿನ ಋಣ ಇದೆ.

*

ದಕ್ಷಿಣ ಅಮೆರಿಕದ ಬಾಗಿಲು ಮೊದಲು ಸಂದಾಯಿತು. ಎಪಿ ಸುಮ್ಮನಿದ್ದಾಗ ಪ್ರತಿಸ್ಪರ್ಧಿ ಯುನೈಟೆಡ್ ಪ್ರೆಸ್ ಅಲ್ಲಿಗೆ ನುಗ್ಗಿತ್ತು. ಅದಕ್ಕೆ ಯಾವ ಒಪ್ಪಂದದ ಹಂಗೂ ಇರಲಿಲ್ಲ. ಈಗ ಎಪಿಯವರಿಗೂ ಬಿಸಿ ತಟ್ಟಿತು. ಹವಾಸ್‌ನ ಒಪ್ಪಿಗೆ ಪಡೆದು 1918ರಲ್ಲಿ ಕೂಪರನನ್ನು ಅಲ್ಲಿಗೆ ಕಳಿಸಿದರು. 'ಲಾ ನಾಸಿಯೋನ್' ಸೇರಿದಂತೆ ಅಲ್ಲಿನ ಪತ್ರಿಕೆಗಳು ಎಪಿಯ ಸದಸ್ಯರಾದವು. 1914ರ ತಂತಿಗೆ ಹೀಗೆ ನಾಲ್ಕು ವರ್ಷ ತಡವಾಗಿ ಒಂದು ಉತ್ತರ ಹೋಯಿತು. ಆದರೆ ಅದು ಹವಾಸ್‌ನ ಅಪ್ಪಣೆ ಪಡೆದು ಕೊಟ್ಟ ಉತ್ತರ, ಕೂಪರನಿಗೆ ಅದೇ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

1921ರಲ್ಲಿ ಸ್ಟೋನ್ ನಿವೃತ್ತನಾದ. ನಡುವೆ ಫ್ರೆಡರಿಕ್ ರಾಯ್ ಮಾರ್ಟಿನ್ ನಾಲ್ಕು ವರ್ಷ ನಡೆಸಿದ. 1925ರಲ್ಲಿ ಕೂಪರ್ ಜನರಲ್ ಮ್ಯಾನೇಜರ್ ಆದ, 1948ರವರೆಗೂ ಆ ಕುರ್ಚಿ ಬಿಡಲಿಲ್ಲ.

ಅವನು ಬರುವ ಮೊದಲು ಎಪಿಯ ಸುದ್ದಿ ಉಪ್ಪುಖಾರವಿಲ್ಲದ ಅಡುಗೆ. ನಿಖರ, ನಿಷ್ಪಕ್ಷ, ನೀರಸ. ಬರೆದವರ ಹೆಸರು ಹಾಕುವ ರೂಢಿಯಿಲ್ಲ. ಕೂಪರ್ ಬೈಲೈನ್ ತಂದ, ಆಟೋಟ, ಸಿನಿಮಾ, ಮನುಷ್ಯರ ಬದುಕಿನ ಕಥೆಗಳಿಗೆ ಬಾಗಿಲು ತೆರೆದ, ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡ. ಸುದ್ದಿಸಂಸ್ಥೆಯ ಘನತೆ ಮಣ್ಣುಪಾಲಾಯಿತೆಂದು ಗೊಣಗಿದ ಹಿರಿಯ ಸದಸ್ಯರಿದ್ದರು. ಜನ ಓದುವುದನ್ನು ಕೊಡದಿದ್ದರೆ ಯುನೈಟೆಡ್ ಪ್ರೆಸ್ ಕೊಡುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ.

ದೊಡ್ಡ ಜಗಳ ನಡೆದದ್ದು ಚಿತ್ರಗಳ ಮೇಲೆ. ಆಗ ಸುದ್ದಿ ತಂತಿಯಲ್ಲಿ ಓಡುತ್ತಿತ್ತು, ಫೋಟೊ ಮಾತ್ರ ರೈಲಿನಲ್ಲೋ ವಿಮಾನದಲ್ಲೋ ಬರಬೇಕು. ಸುದ್ದಿ ಹಳಸಿದ ಮೇಲೆ ಚಿತ್ರ. ಚಿತ್ರವನ್ನೂ ತಂತಿಯಲ್ಲೇ ಕಳಿಸುವ ಯಂತ್ರ ಬೆಲ್ ಪ್ರಯೋಗಾಲಯದಲ್ಲಿ ತಯಾರಾಗಿತ್ತು. ಫೋಟೊವನ್ನು ಒಂದು ಉರುಳೆಗೆ ಸುತ್ತಿ ತಿರುಗಿಸಬೇಕು. ಒಂದು ಬೆಳಕಿನ ಚುಕ್ಕೆ ಅದರ ಮೇಲೆ ಗೆರೆಗೆರೆಯಾಗಿ ಹರಿಯುತ್ತದೆ. ಕಪ್ಪು ಕಡೆ ಬೆಳಕು ಕಡಿಮೆ ಮರಳುತ್ತದೆ, ಬಿಳಿ ಕಡೆ ಹೆಚ್ಚು. ಆ ಏರಿಳಿತ ವಿದ್ಯುತ್ತಾಗಿ ತಂತಿಯಲ್ಲಿ ಓಡಿ, ಆಚೆ ತುದಿಯಲ್ಲಿ ಅದೇ ವೇಗದಲ್ಲಿ ತಿರುಗುವ ಇನ್ನೊಂದು ಉರುಳೆಯ ಫಿಲ್ಮಿನ ಮೇಲೆ ಮತ್ತೆ ಬೆಳಕಾಗಿ ಬೀಳುತ್ತದೆ. ಎರಡು ಉರುಳೆಗಳ ತಾಳ ಕೂದಲೆಳೆ ತಪ್ಪಿದರೂ ಮುಖ ಸೊಟ್ಟ. ಆದ್ದರಿಂದ ಚಿತ್ರಕ್ಕೆಂದೇ ಬೇರೆ, ಶುದ್ಧ ಲೈನು ಬೇಕು, ದೇಶದ ಉದ್ದಗಲಕ್ಕೆ ಸುಮಾರು 10,000 ಮೈಲಿ ಬಾಡಿಗೆಗೆ ಹಿಡಿಯಬೇಕು. ಅದೂ ಮಹಾ ಆರ್ಥಿಕ ಕುಸಿತದ ನಡುವೆ.

1934ರ ವಾರ್ಷಿಕ ಸಭೆಯಲ್ಲಿ ಹರ್ಸ್ಟ್ ಮತ್ತು ಸ್ಕ್ರಿಪ್ಸ್-ಹೊವರ್ಡ್ ಪತ್ರಿಕಾ ಬಳಗಗಳ ಕಡೆಯವರು ಕೂಪರನ ಮೇಲೆ ಮುಗಿಬಿದ್ದರು. ಅವರು ಎಪಿಯ ಸದಸ್ಯರೂ ಹೌದು, ತಮ್ಮದೇ ಚಿತ್ರಸಂಸ್ಥೆಗಳ ಮಾಲೀಕರೂ ಹೌದು. ಆದ್ದರಿಂದ ಖರ್ಚಿನ ಬಗ್ಗೆ ಅವರಿಗಿದ್ದ ಕಾಳಜಿಯನ್ನು ತುಸು ಉಪ್ಪು ಹಚ್ಚಿಯೇ ತಿನ್ನಬೇಕು. ಕೂಪರ್ ಗೆದ್ದ. 1935ರ ಜನವರಿ 1ರಂದು 'ವೈರ್‌ಫೋಟೊ' ಶುರುವಾಯಿತು. ಮೊದಲ ಚಿತ್ರ ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳ ಹಿಮದಲ್ಲಿ ಬಿದ್ದ ವಿಮಾನದ್ದು. ಅದರಲ್ಲಿದ್ದ ನಾಲ್ವರೂ ಬದುಕುಳಿದಿದ್ದರು. ಆ ಚಿತ್ರ 25 ರಾಜ್ಯಗಳ 47 ಪತ್ರಿಕೆಗಳಿಗೆ ಒಮ್ಮೆಲೇ ಹೋಯಿತು. ಸುದ್ದಿಯೂ ಚಿತ್ರವೂ ಒಂದೇ ದಿನ ಒಂದೇ ಪುಟದಲ್ಲಿ ಕೂರುವ ಈಗಿನ ಮುಖಪುಟ ಇಲ್ಲಿಂದ ಹುಟ್ಟಿತು ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಲ್ಲ.

*

ಇನ್ನು ಕೂಪರನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳಿನ ವಿಚಾರ. ರಾಯಿಟರ್ಸ್‌ನ ಯಜಮಾನ ಸರ್ ರೊಡರಿಕ್ ಜೋನ್ಸ್ ಸಾಮ್ರಾಜ್ಯದ ಗತ್ತನ್ನೇ ಮೈತುಂಬ ಹೊದ್ದ ಮನುಷ್ಯ. ಜಪಾನ್ ರಾಯಿಟರ್ಸ್‌ನ ಪಾಲು. ಅಲ್ಲಿನ ರೆಂಗೊ ಸುದ್ದಿಸಂಸ್ಥೆಯ ಇವಾನಾಗಾ ಯುಕಿಚಿಗೆ ಆ ಯಜಮಾನಿಕೆ ಸಾಕಾಗಿತ್ತು. ತನ್ನ ದೇಶದ ಸುದ್ದಿ ಹೊರಗೆ ಹೋಗುವುದೂ ಹೊರಗಿನದು ಒಳಗೆ ಬರುವುದೂ ಲಂಡನ್ನಿನ ಜರಡಿಯ ಮೂಲಕವೇ. 1933ರಲ್ಲಿ ಕೂಪರ್ ಟೋಕಿಯೊಗೆ ಹೋದ, ರೆಂಗೊ ಜೊತೆ ನೇರ ಒಪ್ಪಂದಕ್ಕೆ ಸಹಿ ಹಾಕಿದ.

ಜೋನ್ಸ್ ಸಿಡಿದೆದ್ದು ಎಪಿಯೊಂದಿಗಿನ ಒಪ್ಪಂದವನ್ನೇ ಮುರಿಯುವುದಾಗಿ ನೋಟಿಸು ಕೊಟ್ಟ. ಎಪಿ ಗಡಗಡ ನಡುಗಿ ಕಾಲಿಗೆ ಬೀಳುತ್ತದೆ ಎಂಬುದು ಅವನ ಎಣಿಕೆ. ಹಾಗಾಗಲಿಲ್ಲ. ಮುರಿಯುವುದಾದರೆ ಮುರಿಯಲಿ ಎಂದು ಕೂಪರ್ ಕೈಕಟ್ಟಿ ಕೂತ. ರಾಯಿಟರ್ಸ್‌ಗೆ ಅಮೆರಿಕದ ಸುದ್ದಿ ಬೇರೆಲ್ಲಿಂದ ಬರಬೇಕು? ಯುನೈಟೆಡ್ ಪ್ರೆಸ್ ಜೊತೆ ಕೂಪರ್ ಮೊದಲೇ ಮಾತಾಡಿಕೊಂಡಿದ್ದ, ಆ ಕಿಟಕಿಯೂ ಮುಚ್ಚಿತ್ತು. ಕೊನೆಗೆ ಜೋನ್ಸ್ ತಾನೇ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. 1934ರ ಫೆಬ್ರುವರಿಯಲ್ಲಿ ಹೊಸ ಒಪ್ಪಂದವಾಯಿತು. ಇನ್ನು ಯಾರು ಎಲ್ಲಿ ಬೇಕಾದರೂ ಸುದ್ದಿ ಸಂಗ್ರಹಿಸಬಹುದು, ಎಲ್ಲಿ ಬೇಕಾದರೂ ಮಾರಬಹುದು. 1870ರ ಬೇಲಿ ಕಿತ್ತುಬಂತು.

ಬೇಲಿ ಕೀಳಲು ಜೊತೆಗೂಡಿದ ರೆಂಗೊ ಎರಡು ವರ್ಷದಲ್ಲಿ ದೋಮೆಯ್ ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಗಿ, ಯುದ್ಧಕಾಲದಲ್ಲಿ ಜಪಾನ್ ಸರ್ಕಾರದ ತುತ್ತೂರಿಯಾಯಿತು. ಲಂಡನ್ನಿನ ಜರಡಿ ಹೋದ ಜಾಗದಲ್ಲಿ ಟೋಕಿಯೊದ ಜರಡಿ ಬಂತು.

ಈ ಇಡೀ ಹೋರಾಟವನ್ನು ಕೂಪರ್ 1942ರಲ್ಲಿ 'ಬ್ಯಾರಿಯರ್ಸ್ ಡೌನ್' ಎಂಬ ಪುಸ್ತಕವಾಗಿ ಬರೆದ. ರಾಯಿಟರ್ಸ್ ಹೊರಜಗತ್ತಿಗೆ ಕಟ್ಟಿಕೊಡುತ್ತಿದ್ದ ಅಮೆರಿಕ ಎಂಥದು ಎಂಬುದು ಅದರಲ್ಲಿನ ಮುಖ್ಯ ದೂರು: ಬುಡಕಟ್ಟು ಜನರ ದಂಗೆ, ಗುಂಪುಹತ್ಯೆ, ವಿಚಿತ್ರ ಕೊಲೆಗಳು, ಇವೇ ಸುದ್ದಿ. ಅಮೆರಿಕದ ಬಗ್ಗೆ ಒಂದು ಒಳ್ಳೆಯ ಮಾತು ಹೊರಗೆ ಹೋಗುತ್ತಿರಲಿಲ್ಲ ಎಂದು ಅವನ ಸಂಕಟ.

ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಇದೇ ದೂರು ಏಷ್ಯಾ, ಆಫ್ರಿಕಾದ ಬಾಯಿಂದ ಬಂತು. ಬರ, ನೆರೆ, ದಂಗೆ, ಕ್ಷಿಪ್ರಕ್ರಾಂತಿ ಬಿಟ್ಟರೆ ನಮ್ಮ ಬಗ್ಗೆ ಏನನ್ನೂ ಬರೆಯುವುದಿಲ್ಲ ಎಂದು. ಈ ಸಲ ಆರೋಪಿಗಳ ಸಾಲಿನಲ್ಲಿ ಎಪಿಯೂ ನಿಂತಿತ್ತು. ಅಲಿಪ್ತ ದೇಶಗಳು ತಮ್ಮದೇ ಸುದ್ದಿಕೂಟ ಕಟ್ಟಿಕೊಳ್ಳಲು 1976ರ ಜುಲೈನಲ್ಲಿ ಸೇರಿದ್ದು ನವದೆಹಲಿಯಲ್ಲಿ. ಸುದ್ದಿಯ ಸ್ವಾತಂತ್ರ್ಯದ ಮಾತು ದೆಹಲಿಯಲ್ಲಿ ನಡೆಯುತ್ತಿದ್ದಾಗ ದೇಶದಲ್ಲಿ ತುರ್ತು ಪರಿಸ್ಥಿತಿ, ಪತ್ರಿಕೆಗಳ ಮೇಲೆ ಸೆನ್ಸಾರ್. ಪಿಟಿಐ, ಯುಎನ್‌ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ನಾಲ್ಕನ್ನೂ ಅದೇ ವರ್ಷ ಒಂದೇ ಹಗ್ಗಕ್ಕೆ ಕಟ್ಟಿ 'ಸಮಾಚಾರ್' ಮಾಡಲಾಗಿತ್ತು. ಅವು ಮತ್ತೆ ಬಿಡಿಬಿಡಿಯಾದದ್ದು 1978ರಲ್ಲಿ. ಆಮೇಲೆ ಇದೇ ವಿಷಯಕ್ಕೆ ಯುನೆಸ್ಕೊ ನೇಮಿಸಿದ ಮ್ಯಾಕ್‌ಬ್ರೈಡ್ ಆಯೋಗದಲ್ಲಿ ನಮ್ಮ ಕಡೆಯಿಂದ ಪತ್ರಕರ್ತ ಬಿ.ಜಿ. ವರ್ಗೀಸ್ ಇದ್ದರು.

ಹಾಗೆ ನೋಡಿದರೆ ನಮ್ಮ ಬೇಲಿ ಬಿದ್ದದ್ದು 1934ರಲ್ಲಲ್ಲ. ಬ್ರಿಟಿಷ್ ಭಾರತದ ದೊಡ್ಡ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ. ಕೂಪರನ ಎಪಿಗೂ ಅದಕ್ಕೂ ಹೆಸರಿನ ಹೋಲಿಕೆ ಮಾತ್ರ, ಒಡೆತನ ರಾಯಿಟರ್ಸ್‌ನದು. ಮದ್ರಾಸಿನಲ್ಲಿ 1947ರ ಆಗಸ್ಟ್ 27ರಂದು, ಸ್ವಾತಂತ್ರ್ಯ ಬಂದು ಹನ್ನೆರಡು ದಿನಕ್ಕೆ, ಪಿಟಿಐ ನೋಂದಣಿಯಾಯಿತು. 'ದಿ ಹಿಂದೂ'ವಿನ ಕಸ್ತೂರಿ ಶ್ರೀನಿವಾಸನ್, 'ಹಿಂದೂಸ್ಥಾನ್ ಟೈಮ್ಸ್'ನ ದೇವದಾಸ್ ಗಾಂಧಿ ಲಂಡನ್ನಿನಲ್ಲಿ ರಾಯಿಟರ್ಸ್ ಜೊತೆ ಚೌಕಾಸಿ ಮಾಡಿದರು. 1949ರ ಫೆಬ್ರುವರಿ 1ರಿಂದ ಪಿಟಿಐ ಕೆಲಸ ಶುರುಮಾಡಿತು, ಮೊದಲ ಕೆಲವು ವರ್ಷ ರಾಯಿಟರ್ಸ್‌ನ ಪಾಲುದಾರನಾಗಿಯೇ. ರಚನೆ ಎಪಿಯ ಜಾತಿಯದೇ: ಪತ್ರಿಕೆಗಳೇ ಒಡೆಯರು, ಲಾಭ ಹಂಚುವಂತಿಲ್ಲ.

*

ಜಗತ್ತಿನ ಬೇಲಿ ಕಿತ್ತವನ ಮನೆಯಂಗಳದಲ್ಲೇ ಒಂದು ಬೇಲಿ ಇತ್ತು. ಎಪಿಯ ಸದಸ್ಯನಾಗುವುದು ಸುಲಭವಿರಲಿಲ್ಲ. ನಿಮ್ಮ ಊರಲ್ಲಿ, ನಿಮ್ಮದೇ ಹೊತ್ತಿಗೆ ಹೊರಡುವ ಸದಸ್ಯ ಪತ್ರಿಕೆ ಮೊದಲೇ ಇದ್ದರೆ ಅದರ ಒಪ್ಪಿಗೆ ಬೇಕು. ಇಲ್ಲವಾದರೆ ಸದಸ್ಯರ ಬಹುಮತ ಗಳಿಸಬೇಕು, ಮೇಲೆ 1900ರಿಂದ ಆ ಊರಿನ ಸದಸ್ಯರು ಕಟ್ಟಿದ ವಂತಿಗೆಯ ಹತ್ತನೇ ಒಂದು ಭಾಗ ತೆರಬೇಕು.

ಆ 1900ಕ್ಕೂ ಒಂದು ಕಥೆಯುಂಟು. ಆಗ ಇಲಿನಾಯ್ ರಾಜ್ಯದಲ್ಲಿ ನೋಂದಣಿಯಾಗಿದ್ದ ಎಪಿಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಸುದ್ದಿ ಸಾರ್ವಜನಿಕ ಹಿತದ ಸರಕು, ಕೇಳಿದವರಿಗೆಲ್ಲ ಮಾರಬೇಕು ಎಂದಿತು. ಎಪಿ ಗಂಟುಮೂಟೆ ಕಟ್ಟಿ ನ್ಯೂಯಾರ್ಕಿಗೆ ಬಂದು, ಮೀನು ಹಿಡಿಯುವ, ಬೇಟೆಯಾಡುವ ಕ್ಲಬ್ಬುಗಳು ನೋಂದಾಯಿಸುವ ಕಾಯ್ದೆಯಡಿ ಹೊಸದಾಗಿ ಹುಟ್ಟಿತು. ಕ್ಲಬ್ಬಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಕೇಳುವವರಿಲ್ಲ!

1941ರ ಡಿಸೆಂಬರಿನಲ್ಲಿ ಕೋಟ್ಯಧಿಪತಿ ಮಾರ್ಷಲ್ ಫೀಲ್ಡ್ 'ಶಿಕಾಗೊ ಸನ್' ಆರಂಭಿಸಿ ಸದಸ್ಯತ್ವ ಕೇಳಿದ. ಊರಿನ ಹಳೆಯ ಸದಸ್ಯ 'ಶಿಕಾಗೊ ಟ್ರಿಬ್ಯೂನ್', ಅದರ ಯಜಮಾನ ರಾಬರ್ಟ್ ಮೆಕಾರ್ಮಿಕ್. ಬಾಗಿಲು ತೆರೆಯಲಿಲ್ಲ. ಸರ್ಕಾರ ಏಕಸ್ವಾಮ್ಯ ವಿರೋಧಿ ಕಾಯ್ದೆಯಡಿ ಮೊಕದ್ದಮೆ ಹೂಡಿತು. ಪತ್ರಿಕಾ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಎಪಿ ವಾದಿಸಿತು. 1945ರ ಜೂನ್ 18ರಂದು ಸುಪ್ರೀಂ ಕೋರ್ಟ್ ಐದು-ಮೂರರ ಬಹುಮತದಲ್ಲಿ ಎಪಿಯ ವಿರುದ್ಧ ತೀರ್ಪಿತ್ತಿತು. ಪ್ರಕಟಿಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ ಕಾವಲಿದೆ, ಕೂಡಿಕೊಂಡು ಇನ್ನೊಬ್ಬನನ್ನು ಹೊರಗಿಡುವುದಕ್ಕೆ ಆ ಕಾವಲಿಲ್ಲ ಎಂಬುದು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬರೆದ ತೀರ್ಪಿನ ಸಾರ. ರೊಡರಿಕ್ ಜೋನ್ಸ್‌ಗೆ ಕೂಪರ್ ಹೇಳುತ್ತಾ ಬಂದದ್ದೂ ಇದನ್ನೇ ಅಲ್ಲವೇ? ಜೋನ್ಸ್ ಆ ಹೊತ್ತಿಗೆ ರಾಯಿಟರ್ಸ್ ಬಿಟ್ಟು ನಾಲ್ಕು ವರ್ಷವಾಗಿತ್ತು. ತೀರ್ಪು ಓದಿ ನಕ್ಕಿದ್ದರೆ ತಪ್ಪು ಹುಡುಕುವಂತಿಲ್ಲ.

ಕೂಪರ್ ಕಪಟಿಯೇ? ನನಗೆ ಹಾಗನ್ನಿಸುವುದಿಲ್ಲ. ಅವನು ಕೊನೆಯವರೆಗೂ ಆ ಟ್ರಾಫಿಕ್ ವಿಭಾಗದ ಮುಖ್ಯಸ್ಥನೇ. ತನ್ನ ಸಂಸ್ಥೆಯ ತಂತಿ ಎಲ್ಲೆಲ್ಲಿಗೆ ಹೋಗಬಹುದೋ ಅಲ್ಲಿಗೆಲ್ಲ ಹೋಗಬೇಕು, ಅಡ್ಡ ಬಂದದ್ದು ಗೋಡೆ. ಆ ತಂತಿಯನ್ನು ಕಾಯುವ ಗೋಡೆ ಅವನ ಕಣ್ಣಿಗೆ ಗೋಡೆಯಾಗಿ ಕಾಣಲಿಲ್ಲ. ನಡುವೆ ಸಂಗೀತ ಸಂಯೋಜಿಸಿದ, 1946ರಲ್ಲಿ 'ಆ್ಯನಾ ಝೆಂಗರ್' ಎಂಬ ಕಾದಂಬರಿಯನ್ನೂ ಬರೆದ. ಅದು ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಸೇರಿದ ಮುದ್ರಕನ ಹೆಂಡತಿಯ ಕಥೆ. ಸ್ವಾತಂತ್ರ್ಯವೆಂಬ ಮಾತು ಅವನಿಗೆ ಬರೀ ಬಾಯುಪಚಾರವಾಗಿರಲಿಲ್ಲ.

1945ರ ಜನವರಿಯಲ್ಲಿ ನ್ಯೂಯಾರ್ಕಿನ ಭಾಷಣವೊಂದರಲ್ಲಿ ಅವನು 'ತಿಳಿಯುವ ಹಕ್ಕು' ಎಂಬ ಮಾತು ಬಳಸಿದ. ಪತ್ರಿಕೆಗೆ ಅಚ್ಚು ಹಾಕುವ ಹಕ್ಕಿದೆ ಎನ್ನುವುದಕ್ಕಿಂತ ಜನಕ್ಕೆ ತಿಳಿಯುವ ಹಕ್ಕಿದೆ ಎನ್ನುವುದು ದೊಡ್ಡದು ಎಂಬ ಧಾಟಿ. 'ನ್ಯೂಯಾರ್ಕ್ ಟೈಮ್ಸ್' ಅದನ್ನು ಮೆಚ್ಚಿ ಬರೆಯಿತು, ಮಾತು ನಾಲಿಗೆಯಿಂದ ನಾಲಿಗೆಗೆ ಹರಡಿತು. 1956ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಜನರಿಗೆ ತಿಳಿಯುವ ಹಕ್ಕಿದೆ ಎಂದು ಬರೆದರು. 2005ರ ಮಾಹಿತಿ ಹಕ್ಕು ಕಾಯ್ದೆಗೆ ನಡೆದ ದಾರಿ ನಮ್ಮದೇ, ರಾಜಸ್ಥಾನದ ಹಳ್ಳಿಗಳ ಕೂಲಿಕಾರರು ತುಳಿದದ್ದು. ನುಡಿಗಟ್ಟು ಮಾತ್ರ ಅದಕ್ಕೆ ಮೊದಲೇ ಊರೂರು ತಿರುಗಿ ಬಂದಿತ್ತು.

ಆ ಭಾಷಣವಾಗಿ ನಾಲ್ಕು ತಿಂಗಳಿಗೆ ಪರೀಕ್ಷೆ ಬಂತು. 1945ರ ಮೇ 7ರ ನಸುಕಿನಲ್ಲಿ ಫ್ರಾನ್ಸಿನ ರೀಮ್ಸ್‌ನ ಶಾಲಾ ಕಟ್ಟಡವೊಂದರಲ್ಲಿ ಜರ್ಮನಿ ಶರಣಾಗತಿಗೆ ಸಹಿ ಹಾಕಿತು. ಕಂಡವರು 17 ಮಂದಿ ಪತ್ರಕರ್ತರು. ಸೇನೆ ಹೇಳುವವರೆಗೆ ಬರೆಯುವಂತಿಲ್ಲ ಎಂದು ಮಾತು ಕೊಟ್ಟು ಹೋದವರು. ಬರ್ಲಿನ್‌ನಲ್ಲಿ ಇನ್ನೊಂದು ಸಹಿಯ ಸಮಾರಂಭ ಸ್ಟಾಲಿನ್‌ಗೆ ಬೇಕಿತ್ತು, ಅದಕ್ಕಾಗಿ ಸುದ್ದಿಯನ್ನು ತಡೆಹಿಡಿದಿದ್ದರು. ಅಷ್ಟರಲ್ಲಿ ಫ್ಲೆನ್ಸ್‌ಬರ್ಗ್‌ನಿಂದ ಜರ್ಮನರೇ ರೇಡಿಯೊದಲ್ಲಿ ಶರಣಾಗತಿ ಸಾರಿಬಿಟ್ಟರು. ಎಪಿಯ ಪ್ಯಾರಿಸ್ ಮುಖ್ಯಸ್ಥ ಎಡ್ವರ್ಡ್ ಕೆನಡಿ, ಇನ್ನು ಗುಟ್ಟೇನು ಉಳಿಯಿತು ಎಂದು ಸೇನೆಯ ಟೆಲಿಫೋನ್ ಲೈನ್ ಹಿಡಿದು ಲಂಡನ್ ಕಚೇರಿಗೆ ಸುದ್ದಿ ಓದಿದ. ಟೆಲಿಫೋನಿನಲ್ಲಿ ಸುದ್ದಿ ಓದಿಸುವ ವಿದ್ಯೆಯಿಂದಲೇ ಮೇಲೆ ಬಂದವನು ಆಗ ಎಪಿಯ ಜನರಲ್ ಮ್ಯಾನೇಜರ್.

ಯುರೋಪಿನಲ್ಲಿ ಯುದ್ಧ ಮುಗಿದ ಸುದ್ದಿ ಒಂದು ದಿನ ಮೊದಲೇ ಜಗತ್ತಿಗೆ ತಿಳಿಯಿತು. ಉಳಿದ ವರದಿಗಾರರು ಕೆನಡಿಯ ಮೇಲೆ ಕೆಂಡವಾದರು. ಎಪಿಯ ಅಧ್ಯಕ್ಷ ರಾಬರ್ಟ್ ಮೆಕ್ಲೀನ್ ಸಾರ್ವಜನಿಕವಾಗಿ ವಿಷಾದ ಹೇಳಿದ. ಕೆನಡಿಯನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು, ಕೆಲಸ ಕೊಡದೆ ಸಂಬಳ ಕೊಟ್ಟರು, ಕೊನೆಗೆ ಸದ್ದಿಲ್ಲದೆ ಬಿಟ್ಟರು. ಆತ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಸಣ್ಣ ಪತ್ರಿಕೆಯೊಂದನ್ನು ನಡೆಸುತ್ತಾ ಇದ್ದು, 1963ರಲ್ಲಿ ಕಾರು ಬಡಿದು ತೀರಿಕೊಂಡ. ಕೂಪರ್ ಸತ್ತದ್ದು 1965ರ ಜನವರಿಯಲ್ಲಿ. 2012ರಲ್ಲಿ ಎಪಿಯ ಆಗಿನ ಮುಖ್ಯಸ್ಥ ಟಾಮ್ ಕರ್ಲಿ, ಕೆನಡಿಯನ್ನು ನಡೆಸಿಕೊಂಡ ರೀತಿ ತಪ್ಪು ಎಂದು ಸಂಸ್ಥೆಯ ಪರವಾಗಿ ಕ್ಷಮೆ ಕೇಳಿದರು. ಈ ಉತ್ತರ ಹೊರಡಲು 67 ವರ್ಷ ಹಿಡಿಯಿತು.